ಶಿಲುಬೆಗೆ ಹಾಕಿದವರಿಗೆ ಏನಾಯಿತು?

ಕಳೆದ ವರ್ಷ ದ್ವಿತೀಯ ಬಿ.ಎ. ತರಗತಿಗೆ ಗೋವಿಂದ ಪೈಗಳ ‘ಗೊಲ್ಗೊಥಾ’ ಖಂಡಕಾವ್ಯವನ್ನು ಪಾಠ ಹೇಳಿ ಮುಗಿಸಿದ ದಿನದ ಮಾತು. ಪಾಠ ಮುಗಿದ ಮೇಲೆ ವಿದ್ಯಾರ್ಥಿಗಳಿಂದ ಬರುವ ಪ್ರಶ್ನೆಗಳು ಸಾಮಾನ್ಯವಾಗಿ ಛಂದಸ್ಸನ್ನೋ ಪರೀಕ್ಷೆಯನ್ನೋ ಕುರಿತವಾಗಿರುತ್ತವೆ. ಅಂದು ಹಿಂದಿನ ಬೆಂಚಿನಿಂದ ಒಬ್ಬ ಹುಡುಗಿ ಎದ್ದು ನಿಂತು, “ಅಲ್ಲ ಸಾರ್, ಶಿಲುಬೆಗೆ ಹಾಕಿದವರಿಗೆ ಆಮೇಲೆ ಏನಾಯಿತು?” ಎಂದು ಕೇಳಿದಳು. ತರಗತಿ ನಕ್ಕಿತು. ನಾನೂ ನಕ್ಕು, ಅದು ಈ ಕಾವ್ಯದ ವಸ್ತುವಲ್ಲವೆಂದು ಹೇಳಿ ಪುಸ್ತಕ ಮುಚ್ಚಿದೆ. ಆದರೆ ಮನೆಗೆ ಬರುವ ದಾರಿಯಲ್ಲಿ ಆ ನಗೆ ಉಳಿಯಲಿಲ್ಲ. ನಾನು ಕೊಟ್ಟದ್ದು ಉತ್ತರವಲ್ಲ, ಉತ್ತರದಿಂದ ತಪ್ಪಿಸಿಕೊಂಡ ಉಪಾಯ ಎಂಬುದು ನನಗೇ ತಿಳಿದಿತ್ತು.

ಪ್ರಶ್ನೆ ಸಹಜವಾದದ್ದೇ. ನಮ್ಮ ಕಾವ್ಯಪುರಾಣಗಳನ್ನು ಕೇಳಿ ಬೆಳೆದವರಿಗೆ ಕೀಚಕನಿಗೆ ಏನಾಯಿತು, ದುಃಶಾಸನನಿಗೆ ಏನಾಯಿತು, ಹಿರಣ್ಯಕಶಿಪುವಿಗೆ ಏನಾಯಿತು ಎಂಬುದು ತಪ್ಪದೆ ತಿಳಿಯುತ್ತದೆ. ತಿಳಿಯುವವರೆಗೆ ಕೇಳುವವರು ಎದ್ದು ಹೋಗುವುದಿಲ್ಲ. ದುಷ್ಟನ ಪತನವೇ ಕತೆಗೆ ಮಂಗಳಾರತಿ. ಶಿಲುಬೆಯ ಕತೆಯಲ್ಲಿ ಆ ಮಂಗಳಾರತಿ ಎಲ್ಲಿ ಎಂಬುದು ಆ ಹುಡುಗಿಯ ಮಾತಿನ ತಾತ್ಪರ್ಯ. ನಾನು ಕ್ರೈಸ್ತನಲ್ಲ, ದೇವತಾಶಾಸ್ತ್ರವನ್ನು ವ್ಯಾಸಂಗ ಮಾಡಿದವನೂ ಅಲ್ಲ. ಕನ್ನಡ ಗದ್ಯದ ಚರಿತ್ರೆಯನ್ನು ಓದುವವನು ಸತ್ಯವೇದದ ಅನುವಾದವನ್ನು ಬಿಟ್ಟು ಮುಂದೆ ಹೋಗಲಾರನೆಂಬ ಕಾರಣಕ್ಕೆ ಅದನ್ನು ಹಲವು ವರ್ಷಗಳ ಹಿಂದೆ ಕೈಗೆತ್ತಿಕೊಂಡವನು. ಈ ಒಂದು ಪ್ರಶ್ನೆಯನ್ನು ಮುಂದಿಟ್ಟುಕೊಂಡು ಅದನ್ನು ಮತ್ತೆ ಓದಿದೆ. ಓದಿನಿಂದ ನನಗೆ ತೋರಿದ್ದನ್ನು ವಾಚಕರ ಮುಂದಿಡುತ್ತೇನೆ.

ಮೊದಲು ಪ್ರಶ್ನೆಗೆ ನೇರವಾದ ಉತ್ತರ. ಶಿಲುಬೆಯ ತೀರ್ಪು ಕೊಟ್ಟ ಪಿಲಾತನ ಅಂತ್ಯವನ್ನು ಸುವಾರ್ತೆಗಳು ಹೇಳುವುದೇ ಇಲ್ಲ. ಸಮಾರ್ಯದ ಜನರನ್ನು ಕೊಲ್ಲಿಸಿದ ದೂರಿನ ಮೇಲೆ ಅವನು ಕ್ರಿ.ಶ. ೩೬ರ ಸುಮಾರಿಗೆ ಅಧಿಕಾರ ಕಳೆದುಕೊಂಡು ರೋಮಿಗೆ ಹೋಗಬೇಕಾಯಿತೆಂದು ಜೋಸೀಫಸನೆಂಬ ಇತಿಹಾಸಕಾರ ಬರೆದಿದ್ದಾನೆ. ಅದಕ್ಕೂ ಯೇಸುವಿನ ಮರಣಕ್ಕೂ ಅವನು ಸಂಬಂಧ ಕಲ್ಪಿಸಿಲ್ಲ. ಪಿಲಾತನು ಆತ್ಮಹತ್ಯೆ ಮಾಡಿಕೊಂಡನು, ಅವನ ಶವವನ್ನು ಯಾವ ನದಿಯೂ ಇಟ್ಟುಕೊಳ್ಳಲಿಲ್ಲ ಎಂಬ ಕತೆಗಳೆಲ್ಲ ಆಮೇಲಿನವು. ಮಹಾಯಾಜಕ ಕಾಯಫನ ಗತಿಯೂ ಗ್ರಂಥದಲ್ಲಿಲ್ಲ. ಹಿಡಿದುಕೊಟ್ಟ ಯೂದನ ಸಾವೊಂದು ಬಂದಿದೆ. ಅದೂ ಮತ್ತಾಯನಲ್ಲಿ ಒಂದು ಬಗೆ, ಅಪೊಸ್ತಲರ ಕೃತ್ಯಗಳಲ್ಲಿ ಇನ್ನೊಂದು ಬಗೆ. ಕಾವಲಿಗಿದ್ದ ರೋಮನ್ ಶತಾಧಿಪತಿಯಾದರೋ ಶಿಲುಬೆಯ ಬುಡದಲ್ಲಿಯೇ ಸತ್ತವನ ಹಿರಿಮೆಯನ್ನು ಒಪ್ಪಿಕೊಂಡುಬಿಟ್ಟ. ಐವತ್ತು ದಿನಗಳ ತರುವಾಯ ಅದೇ ಯೆರೂಸಲೇಮಿನಲ್ಲಿ ಪೇತ್ರನು ನಿಂತು, ಆ ಕೊಲೆಯ ಹೊಣೆಯನ್ನು ಎದುರಿಗಿದ್ದವರ ಮೇಲೆಯೇ ಹೊರಿಸಿ ಮಾತನಾಡಿದ. ಕೇಳಿದವರ ಎದೆ ಇರಿದಂತಾಗಿ, ಈಗ ಏನು ಮಾಡಬೇಕೆಂದು ಅವರು ಕೇಳಿದರು. ಅವರಿಗೆ ದೊರೆತದ್ದು ಸಿಡಿಲಲ್ಲ, ದೀಕ್ಷಾಸ್ನಾನ. ಅಂದು ಸುಮಾರು ಮೂರು ಸಾವಿರ ಜನ ಸೇರಿಕೊಂಡರೆಂದು ಗ್ರಂಥ ಹೇಳುತ್ತದೆ.

ಇಷ್ಟಕ್ಕೇ ನಿಲ್ಲಿಸಿದರೆ ಆ ಧರ್ಮಗ್ರಂಥವನ್ನು ನಾನು ಸಿಹಿ ಮಾಡಿ ಬಡಿಸಿದಂತಾದೀತು. ದಂಡನೆಯ ಸಿಡಿಲು ಅಲ್ಲಿ ಇಲ್ಲದಿಲ್ಲ. ಫರೋಹನ ಸೈನ್ಯ ಸಮುದ್ರದಲ್ಲಿ ಮುಳುಗುತ್ತದೆ. ಯಾಕೋಬನನ್ನು ಕತ್ತಿಯಿಂದ ಕೊಲ್ಲಿಸಿದ ಹೆರೋದನು ಹುಳು ಬಿದ್ದು ಸಾಯುತ್ತಾನೆ. ಅಮಾಲೇಕ್ಯರನ್ನು ಮಕ್ಕಳುಮರಿಗಳೊಡನೆ ನಿರ್ನಾಮ ಮಾಡೆಂಬ ಆಜ್ಞೆಯೂ ಹಳೆಯ ಒಡಂಬಡಿಕೆಯಲ್ಲಿದೆ. ಅದನ್ನು ಓದುವಾಗ ಇಂದಿಗೂ ಮೈ ನಡುಗುತ್ತದೆ. ಆದರೆ ಇವೆಲ್ಲವುಗಳಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ನಾಬೋತನೆಂಬ ಒಬ್ಬ ರೈತನ ಕತೆ. ಅರಮನೆಯ ಪಕ್ಕದಲ್ಲಿ ಅವನದೊಂದು ದ್ರಾಕ್ಷೆಯ ತೋಟ. ಅರಸ ಅಹಾಬ ಅದನ್ನು ಬೇಡಿದ. ಪಿತ್ರಾರ್ಜಿತವಾದದ್ದನ್ನು ಕೊಡಲಾರೆನೆಂದ ನಾಬೋತ. ಅರಸ ಉಣ್ಣದೆ ಗೋಡೆಯ ಕಡೆ ಮುಖಮಾಡಿ ಮಲಗಿದ. ರಾಣಿ ಈಜೆಬೆಲಳು ಅರಸನ ಮುದ್ರೆಯೊತ್ತಿ ಪತ್ರ ಬರೆಯಿಸಿ, ಇಬ್ಬರು ಸುಳ್ಳುಸಾಕ್ಷಿಗಳನ್ನು ನಿಲ್ಲಿಸಿ, ದೇವದೂಷಣೆಯ ಆರೋಪದ ಮೇಲೆ ಅವನನ್ನು ಕಲ್ಲೆಸೆದು ಕೊಲ್ಲಿಸಿದಳು. ಎಲ್ಲವೂ ಕಾನೂನಿನ ಪ್ರಕಾರವೇ ನಡೆಯಿತು. ಪ್ರವಾದಿ ಎಲೀಯನು ಆ ತೋಟದಲ್ಲಿಯೇ ಅರಸನನ್ನು ಎದುರುಗೊಂಡು, ನಾಯಿಗಳು ನಿನ್ನ ರಕ್ತವನ್ನು ನೆಕ್ಕುವುವೆಂದು ಶಪಿಸಿದ. ಶಾಪ ಫಲಿಸಿತು. ಅರಸ ಯುದ್ಧದಲ್ಲಿ ಬಿದ್ದ. ರಾಣಿಯನ್ನು ಕಿಟಕಿಯಿಂದ ಕೆಳಕ್ಕೆ ನೂಕಿದರು.

ಈ ಕತೆಯನ್ನು ಓದುವಾಗ ನನಗೆ ನಮ್ಮ ತಂದೆಯವರ ನೆನಪಾಗದೆ ಇರುವುದಿಲ್ಲ. ನಾನು ಪ್ರೌಢಶಾಲೆಯಲ್ಲಿದ್ದಾಗ ಊರಿನ ಪ್ರಬಲರೊಬ್ಬರು ನಮ್ಮ ಗದ್ದೆಯ ಒಂದು ಭಾಗವನ್ನು ಒತ್ತಿಕೊಂಡರು. ಅಲ್ಲಿಯೂ ಇಬ್ಬರು ಸಾಕ್ಷಿಗಳಿದ್ದರು. ಇಬ್ಬರೂ ನಮ್ಮ ಮನೆಯ ಅನ್ನ ಉಂಡವರು. ಗದ್ದೆ ಹೋಯಿತು. ಮೂರು ವರ್ಷಗಳಾದ ಮೇಲೆ ಆ ಪ್ರಬಲರಿಗೆ ಲಕ್ವ ಹೊಡೆದು ಬಲಗೈ ಬಿದ್ದುಹೋಯಿತು. ದೇವರು ಕಣ್ಣುಬಿಟ್ಟನೆಂದು ಊರು ಆಡಿಕೊಂಡಿತು. ನಾನು ಓಡಿಬಂದು ಆ ಸುದ್ದಿಯನ್ನು ಮನೆಯಲ್ಲಿ ಹೇಳಿದೆ. ಹೇಳುವಾಗ ನನ್ನ ಮುಖದಲ್ಲಿ ಸಂತೋಷ ಇದ್ದಿರಬೇಕು. ತಂದೆಯವರು ಹಗ್ಗ ಹೊಸೆಯುತ್ತಿದ್ದವರು ತಲೆಯೆತ್ತಿ ನೋಡಿ, “ಅವನ ಕೈ ಬಿದ್ದುಹೋದರೆ ನಮ್ಮ ಗದ್ದೆ ಬಂದ ಹಾಗಾಯಿತೇನೋ? ಮೊದಲು ಒಂದು ಮನೆ ಅಳುತ್ತಿತ್ತು, ಈಗ ಎರಡು” ಎಂದು ಮತ್ತೆ ಹಗ್ಗಕ್ಕೆ ಕೈಯಿಟ್ಟರು. ಅವರು ಅವನನ್ನು ಕ್ಷಮಿಸಿದ್ದರೆಂದು ನಾನು ಹೇಳಲಾರೆ. ಆ ಮನೆಯ ಮುಂದೆ ಹಾದು ಹೋಗುವುದನ್ನು ಅವರು ಕೊನೆಯವರೆಗೂ ತಪ್ಪಿಸುತ್ತಿದ್ದರು. ಆದರೆ ಶಿಕ್ಷೆಯೇ ನ್ಯಾಯವೆಂದು ಅವರು ಎಂದೂ ಭ್ರಮಿಸಲಿಲ್ಲ.

ನಾಬೋತನ ಕತೆಯಲ್ಲಿಯೂ ಇದೇ ಕೊರತೆ. ಅರಸನ ರಕ್ತವನ್ನು ನಾಯಿ ನೆಕ್ಕಿತು. ತೋಟ ನಾಬೋತನಿಗೆ ಬರಲಿಲ್ಲ. ಆ ಹೊಲಕ್ಕೆ ಆಮೇಲೆ ಬಂದದ್ದು ಅಹಾಬನ ಮಗನ ಹೆಣ. ಪೀಡಕನಿಗೆ ಬೀಳುವ ಏಟು ಪೀಡಿತನ ಗಾಯಕ್ಕೆ ಮದ್ದಲ್ಲವೆಂಬುದನ್ನು ಗ್ರಂಥ ಬಾಯಿಬಿಟ್ಟು ಹೇಳದಿದ್ದರೂ ಕತೆ ಹೇಳಿಬಿಡುತ್ತದೆ. ಇನ್ನೊಂದನ್ನೂ ಗಮನಿಸಬೇಕು. ಶಾಪವನ್ನು ಕೇಳಿದ ಅಹಾಬ ಗೋಣಿತಟ್ಟು ಉಟ್ಟು ಉಪವಾಸ ಮಾಡಿದಾಗ ದೇವರು ಆ ಮನೆತನದ ದಂಡನೆಯನ್ನು ಅವನ ಕಾಲದಿಂದ ಮುಂದಕ್ಕೆ ಹಾಕಿದನೆಂದಿದೆ. ಮೊದಲ ಕೊಲೆಗಾರ ಕಾಯಿನನ ಪ್ರಸಂಗದಲ್ಲಿಯೂ ಹಾಗೆಯೇ. ತಮ್ಮನ ರಕ್ತ ನೆಲದಿಂದ ಕೂಗಿತು, ದೇವರು ಅದನ್ನು ಕೇಳಿ ಅಣ್ಣನನ್ನು ಅಲೆಮಾರಿಯಾಗುವಂತೆ ಶಪಿಸಿದ; ಆದರೆ ಅವನನ್ನು ಯಾರೂ ಕೊಲ್ಲದಂತೆ ಗುರುತನ್ನೂ ಇಟ್ಟ. ದಂಡನೆಯೂ ರಕ್ಷಣೆಯೂ ಒಂದೇ ಕೈಯಿಂದ ಬಂದವು.

ಈ ಎರಡು ಮುಖಗಳು ಎಲ್ಲಕ್ಕಿಂತ ಸ್ಪಷ್ಟವಾಗಿ ಎದುರುಬದುರಾಗುವುದು ನಿನೆವೆಯ ವಿಷಯದಲ್ಲಿ. ನಿನೆವೆ ಅಶ್ಶೂರ ಸಾಮ್ರಾಜ್ಯದ ರಾಜಧಾನಿ. ಇಸ್ರೇಲರ ಉತ್ತರ ರಾಜ್ಯವನ್ನು ಕ್ರಿ.ಪೂ. ೭೨೨ರಲ್ಲಿ ನೆಲಸಮ ಮಾಡಿದ್ದು ಆ ಸಾಮ್ರಾಜ್ಯವೇ. ಕ್ರಿ.ಪೂ. ೬೧೨ರಲ್ಲಿ ನಿನೆವೆ ತಾನೇ ಬಿದ್ದಿತು. ಪ್ರವಾದಿ ನಹೂಮನ ಪುಸ್ತಕ ಆ ಪತನದ ಜಯಘೋಷ. ಅದರಲ್ಲಿ ಕನಿಕರದ ಒಂದು ಹನಿಯೂ ಇಲ್ಲ. ಆದರೆ ಅದೇ ಸಂಪುಟದಲ್ಲಿ, ನಡುವೆ ಒಂದೇ ಪುಸ್ತಕದ ಅಂತರದಲ್ಲಿ, ಯೋನನ ಕತೆಯಿದೆ. ನಿನೆವೆಯ ಜನ ಪಶ್ಚಾತ್ತಾಪಪಟ್ಟರು, ದೇವರು ಮನಸ್ಸು ಬದಲಿಸಿದ. ತನ್ನ ಜನವನ್ನು ತುಳಿಯುವವರು ಉಳಿದರಲ್ಲಾ ಎಂದು ಯೋನ ಊರ ಹೊರಗೆ ಮುನಿಸಿಕೊಂಡು ಕುಳಿತ. ನೆರಳು ಕೊಟ್ಟ ಬಳ್ಳಿ ಒಣಗಿದಾಗ ಅದಕ್ಕಾಗಿಯೂ ಮರುಗಿದ. ಎಡಗೈ ಬಲಗೈ ತಿಳಿಯದ ಒಂದು ಲಕ್ಷ ಇಪ್ಪತ್ತು ಸಾವಿರಕ್ಕೂ ಹೆಚ್ಚು ಜನರಿಗಾಗಿ, ಅವರ ದನಕರುಗಳಿಗಾಗಿ, ತಾನು ಮರುಗಬಾರದೇ ಎಂದು ದೇವರು ಕೇಳುವಲ್ಲಿಗೆ ಪುಸ್ತಕ ಮುಗಿಯುತ್ತದೆ. ಯೋನನ ಉತ್ತರವಿಲ್ಲ. ಈ ಪುಸ್ತಕ ನಿನೆವೆ ಬಿದ್ದ ಬಹುಕಾಲದ ಮೇಲೆ ರಚಿತವಾದದ್ದೆಂದು ಬಹುಮಟ್ಟಿಗೆ ವಿದ್ವಾಂಸರ ಅಭಿಪ್ರಾಯ. ಹಾಗಾದರೆ ಸತ್ತ ಶತ್ರುವನ್ನು ಮತ್ತೆ ಎಬ್ಬಿಸಿ, ಅವನಿಗಾಗಿ ಮರುಗಲು ಕಲಿಸಿದ ಆ ಅಜ್ಞಾತ ಲೇಖಕನ ಧೈರ್ಯ ಸಾಮಾನ್ಯವಾದದ್ದಲ್ಲ. ಅಷ್ಟೇ ಮುಖ್ಯವಾದದ್ದು, ಸಂಪುಟವನ್ನು ಕೂಡಿಸಿದವರು ಯೋನನಿಗಾಗಿ ನಹೂಮನನ್ನು ಕಿತ್ತುಹಾಕಲಿಲ್ಲ ಎಂಬುದು.

ಕಿತ್ತುಹಾಕದಿದ್ದದ್ದು ಒಳ್ಳೆಯದಾಯಿತೆಂದೇ ನನ್ನ ಮತ. ಬಾಬಿಲೋನಿನ ನದಿಗಳ ತೀರದಲ್ಲಿ ಸೆರೆಯಾಳುಗಳು ಅಳುವ ಕೀರ್ತನೆಯ ಕೊನೆಯಲ್ಲಿ ಶತ್ರುವಿನ ಹಸುಗೂಸುಗಳನ್ನು ಬಂಡೆಗೆ ಅಪ್ಪಳಿಸುವವನನ್ನು ಹರಸುವ ಮಾತಿದೆ. ಅನೇಕ ಆರಾಧನೆಗಳಲ್ಲಿ ಆ ಭಾಗವನ್ನು ಬಿಟ್ಟು ಓದುತ್ತಾರೆ. ಬಿಡುವುದು ಅರ್ಥವಾಗುವಂಥದೇ. ಆದರೆ ತನ್ನ ಕೂಸನ್ನು ಹಾಗೆ ಕಳೆದುಕೊಂಡ ತಾಯಿಯೊಬ್ಬಳಿಗೆ ದೇವರ ಮುಂದೆ ಆ ಮಾತನ್ನಾಡಲು ಅವಕಾಶವಿಲ್ಲದಿದ್ದರೆ ಇನ್ನೆಲ್ಲಿ ಆಡಬೇಕು? ಅದು ಆಜ್ಞೆಯಲ್ಲ, ಗೋಳು. ಗೋಳನ್ನು ಆಜ್ಞೆಯೆಂದು ಓದಿದಾಗಲೇ ಅನರ್ಥ. ಹೊಸ ಒಡಂಬಡಿಕೆಯಲ್ಲಿ ಪೌಲನು ರೋಮಾಪುರದವರಿಗೆ ಬರೆಯುತ್ತ, ಪ್ರತೀಕಾರ ದೇವರ ಪಾಲಿನದೆಂದೂ ಹಸಿದ ವೈರಿಗೆ ಅನ್ನವಿಕ್ಕುವುದು ಮನುಷ್ಯನ ಪಾಲಿನದೆಂದೂ ವಿಭಾಗ ಮಾಡಿಕೊಡುತ್ತಾನೆ. ಸಿಟ್ಟು ಅಳಿಯಲಿಲ್ಲ, ಕತ್ತಿ ಮಾತ್ರ ಕೈ ಬದಲಾಯಿಸಿತು.

ಆ ಕತ್ತಿ ಬಹುಕಾಲ ದೇವರ ಕೈಯಲ್ಲಿ ಉಳಿಯಲಿಲ್ಲವೆಂಬುದೇ ದುಃಖದ ಸಂಗತಿ. ಡಯೋಕ್ಲೀಷಿಯನ್ ಚಕ್ರವರ್ತಿ ೩೦೩ರಲ್ಲಿ ಆರಂಭಿಸಿದ ಘೋರ ಹಿಂಸೆಯನ್ನು ಕಣ್ಣಾರೆ ಕಂಡ ಲಾಕ್ಟಾಂಟಿಯಸ್ ಎಂಬ ಲ್ಯಾಟಿನ್ ಪಂಡಿತ, ೩೧೩ರಲ್ಲಿ ಕ್ರೈಸ್ತರಿಗೆ ಸ್ವಾತಂತ್ರ್ಯ ದೊರೆತ ಸ್ವಲ್ಪಕಾಲದಲ್ಲಿಯೇ ಪೀಡಕರ ಮರಣಗಳನ್ನು ಕುರಿತು ಒಂದು ಗ್ರಂಥ ಬರೆದ. ನೀರೋ ಸತ್ತದ್ದು ಹೇಗೆ, ಪರ್ಷಿಯನ್ನರಿಗೆ ಸೆರೆಸಿಕ್ಕ ವೆಲೇರಿಯನ್ ಪಟ್ಟ ಪಾಡೇನು, ಗೆಲೀರಿಯಸನ ದೇಹ ೩೧೧ರಲ್ಲಿ ಬದುಕಿರುವಾಗಲೇ ಹೇಗೆ ಕೊಳೆಯಿತು ಎಂಬುದನ್ನೆಲ್ಲ ವಿವರವಾಗಿ ವರ್ಣಿಸಿ, ಇದೇ ದೇವರ ನ್ಯಾಯಕ್ಕೆ ಸಾಕ್ಷಿಯೆಂದ. ಆದರೆ ಆ ಪಟ್ಟಿಯಲ್ಲಿ ಮಾರ್ಕಸ್ ಆರೀಲಿಯಸ್ ಇಲ್ಲ. ಅವನ ಆಳ್ವಿಕೆಯಲ್ಲಿಯೇ, ೧೭೭ರಲ್ಲಿ, ಲಿಯೋನ್ ನಗರದ ಕ್ರೈಸ್ತರು ಚಿತ್ರಹಿಂಸೆಯಿಂದ ಸತ್ತರು. ಅವನಿಗೆ ಹುಳು ಬೀಳಲಿಲ್ಲ. ಲೆಕ್ಕಕ್ಕೆ ಒಗ್ಗದವನನ್ನು ಲೆಕ್ಕದಿಂದ ಬಿಟ್ಟದ್ದಾಯಿತು. ನಮ್ಮೂರಿನವರು ಮಾಡಿದ್ದೂ ಇದನ್ನೇ: ಕೈ ಬಿದ್ದವನನ್ನು ಎಣಿಸಿದರು, ಸುಳ್ಳುಸಾಕ್ಷಿ ಹೇಳಿ ನೆಮ್ಮದಿಯಿಂದ ಮುಪ್ಪಾದ ಇಬ್ಬರನ್ನು ಎಣಿಸಲಿಲ್ಲ.

ಈ ಬಗೆಯ ಲೆಕ್ಕವನ್ನು ಸುವಾರ್ತೆಯೇ ಅಲ್ಲಗಳೆದಿದೆ. ಸಿಲೋವದ ಗೋಪುರ ಕುಸಿದು ಹದಿನೆಂಟು ಮಂದಿ ಸತ್ತಾಗ, ಅವರು ಉಳಿದವರಿಗಿಂತ ಹೆಚ್ಚಿನ ಪಾಪಿಗಳೆಂದು ತಿಳಿಯಬೇಡಿರೆಂದು ಯೇಸು ಎಚ್ಚರಿಸುತ್ತಾನೆ. ಬೇರೆಯವರ ಸಾವಿನಿಂದ ಅವರ ಪಾಪವನ್ನು ಅಳೆಯುವವರ ದೃಷ್ಟಿಯನ್ನು ಅವರವರ ಕಡೆಗೇ ತಿರುಗಿಸುತ್ತಾನೆ. ಆದರೂ ಅಳತೆಗೋಲು ಕೈಬಿಡಲಿಲ್ಲ. ಗ್ರಂಥಸಂಪಾದನೆಯ ಪಾಠ ಹೇಳುವವನಾದ ನನಗೆ ಇಲ್ಲಿ ಒಂದು ಪಾಠಾಂತರ ನೆನಪಾಗುತ್ತದೆ. ತನ್ನನ್ನು ಕೊಲ್ಲುತ್ತಿರುವವರನ್ನು ಕ್ಷಮಿಸೆಂದು ಯೇಸು ಶಿಲುಬೆಯಿಂದ ಬೇಡುವ ಮಾತು ಲೂಕನ ಸುವಾರ್ತೆಯ ಕೆಲವು ಅತಿಪ್ರಾಚೀನ ಹಸ್ತಪ್ರತಿಗಳಲ್ಲಿ ಇಲ್ಲ. ಅದು ಆಮೇಲೆ ಸೇರಿದ್ದೋ, ಇದ್ದದ್ದು ಬಿಟ್ಟುಹೋದದ್ದೋ ಎಂಬುದರಲ್ಲಿ ಒಮ್ಮತವಿಲ್ಲ. ಬಿಟ್ಟದ್ದೆನ್ನುವವರ ಒಂದು ಊಹೆ ಹೀಗಿದೆ: ೭೦ರಲ್ಲಿ ರೋಮನ್ನರು ಯೆರೂಸಲೇಮನ್ನು ಸುಟ್ಟದ್ದನ್ನು ಯೆಹೂದ್ಯರಿಗೆ ಬಿದ್ದ ದೈವದಂಡನೆಯೆಂದು ನಂಬಿದ ಲಿಪಿಕಾರನಿಗೆ ಈ ಕ್ಷಮೆಯ ಪ್ರಾರ್ಥನೆ ಸಲ್ಲದ್ದಾಗಿ ಕಂಡಿರಬೇಕು. ಊಹೆ ನಿಜವಾದರೆ, ಗುರು ಕ್ಷಮಿಸಿದ್ದನ್ನು ಶಿಷ್ಯನ ಲೇಖನಿ ತಡೆಹಿಡಿಯಿತು.

ಆ ಲಿಪಿಕಾರನ ವಿಷಯ ಊಹೆ. ಮುಂದೆ ನಡೆದದ್ದು ಊಹೆಯಲ್ಲ. ಪಿಲಾತನ ಮುಂದೆ ನೆರೆದ ಜನ ಆ ರಕ್ತದ ಹೊಣೆಯನ್ನು ತಮ್ಮ ಮೇಲೂ ಮಕ್ಕಳ ಮೇಲೂ ಹೊತ್ತುಕೊಂಡರೆಂಬ ಮತ್ತಾಯನ ಒಂದು ವಾಕ್ಯವನ್ನು ಹಿಡಿದು, ಯೇಸುವೂ ಪೇತ್ರನೂ ಪೌಲನೂ ಹುಟ್ಟಿದ ಜನಾಂಗವನ್ನೇ ಯೂರೋಪು ಶತಮಾನಗಳ ಕಾಲ ಬೇಟೆಯಾಡಿತು. ಪೀಡಕರಿಗೆ ದೇವರು ಕೊಟ್ಟ ಶಿಕ್ಷೆಯನ್ನು ತಾವು ಜಾರಿಗೆ ತರುತ್ತಿದ್ದೇವೆಂದು ನಂಬಿದವರೇ ಹೊಸ ಪೀಡಕರಾದರು. ಯೇಸುವಿನ ಮರಣದ ಹೊಣೆಯನ್ನು ಅಂದಿನ ಎಲ್ಲ ಯೆಹೂದ್ಯರ ಮೇಲಾಗಲಿ ಇಂದಿನ ಯೆಹೂದ್ಯರ ಮೇಲಾಗಲಿ ಹೊರಿಸಲಾಗದೆಂದು ರೋಮನ್ ಕ್ಯಾಥೊಲಿಕ್ ಚರ್ಚು ಎರಡನೆಯ ವ್ಯಾಟಿಕನ್ ಮಹಾಸಭೆಯಲ್ಲಿ ಘೋಷಿಸಿದ್ದು ೧೯೬೫ರಲ್ಲಿ. ಅಷ್ಟು ಹೊತ್ತಿಗೆ ಅರುವತ್ತು ಲಕ್ಷ ಯೆಹೂದ್ಯರ ಹತ್ಯೆ ನಡೆದು ಇಪ್ಪತ್ತು ವರ್ಷಗಳಾಗಿದ್ದವು. ಆ ಹತ್ಯೆಯನ್ನು ನಡೆಸಿದ ನಾಜಿಗಳ ಪ್ರೇರಣೆ ಬೇರೆಯದಾದರೂ, ಅದಕ್ಕೆ ನೆಲ ಹದವಾಗಿದ್ದದ್ದರಲ್ಲಿ ಈ ಹಳೆಯ ಓದಿನ ಪಾಲಿಲ್ಲವೆನ್ನಲು ಬರುವುದಿಲ್ಲ. ಒಂದು ವಾಕ್ಯವನ್ನು ಹೇಗೆ ಓದುತ್ತೇವೆಂಬುದು ತರಗತಿಯ ಚರ್ಚೆ ಮಾತ್ರವಲ್ಲ ಎಂದು ವಿದ್ಯಾರ್ಥಿಗಳಿಗೆ ನಾನು ಹೇಳುವುದು ಇದಕ್ಕಾಗಿಯೇ.

ಹಾಗಾದರೆ ಆ ಗ್ರಂಥದ ದೈವನ್ಯಾಯ ಯಾವುದು? ನನಗೆ ಎರಡು ಪ್ರಸಂಗಗಳು ದಾರಿ ತೋರಿದವು. ಮೊದಲನೆಯದು ಸೌಲನದು. ಸ್ತೆಫನನನ್ನು ಕಲ್ಲೆಸೆದು ಕೊಲ್ಲುವಾಗ ಕೊಲ್ಲುವವರ ಬಟ್ಟೆಗಳನ್ನು ಕಾದವನು ಅವನು. ಮನೆಮನೆ ನುಗ್ಗಿ ಗಂಡಸರು ಹೆಂಗಸರೆನ್ನದೆ ಎಳೆದು ಸೆರೆಗೆ ಹಾಕಿದವನು. ದಮಸ್ಕದ ದಾರಿಯಲ್ಲಿ ಬೆಳಕೊಂದು ಅವನನ್ನು ಕೆಡವಿತು. ಕೇಳಿಬಂದ ದನಿ ತನ್ನ ಜನರನ್ನೇಕೆ ಹಿಂಸಿಸುವೆಯೆಂದು ಕೇಳಲಿಲ್ಲ. ತನ್ನನ್ನೇ ಏಕೆ ಹಿಂಸಿಸುವೆಯೆಂದು ಕೇಳಿತು. ಇಲ್ಲಿ ನ್ಯಾಯಾಧೀಶನೇ ವಾದಿಯಾಗಿ ನಿಂತಿದ್ದಾನೆ. ಸೌಲನಿಗೆ ಸಿಕ್ಕ ದಂಡನೆ ಮೂರು ದಿನದ ಕುರುಡು. ಆಮೇಲೆ, ತಾನು ಯಾರನ್ನು ಅಟ್ಟಿಸಿಕೊಂಡು ಹೋಗಿದ್ದನೋ ಅವರಲ್ಲೊಬ್ಬನ ಕೈಯಿಂದಲೇ ಕಣ್ಣು ಪಡೆಯುವ ಲಜ್ಜೆ. ಕಣ್ಣು ಕೊಡಲು ಹೋದ ಅನನೀಯನ ಭಯವನ್ನೂ ಗ್ರಂಥ ಮರೆಯದೆ ದಾಖಲಿಸಿದೆ. ಪೌಲನೆನಿಸಿದ ಆ ಸೌಲ ಮುಂದೆ ಐದು ಸಲ ಚಾವಟಿಯ ಏಟು, ಮೂರು ಸಲ ಬೆತ್ತದ ಏಟು ತಿಂದದ್ದನ್ನು ತಾನೇ ಬರೆದುಕೊಂಡಿದ್ದಾನೆ. ಪೀಡಕನನ್ನು ಪೀಡಿತರ ಸಾಲಿಗೆ ತಂದು ನಿಲ್ಲಿಸಿದ್ದಕ್ಕಿಂತ ಪೂರ್ಣವಾದ ಶಿಕ್ಷೆ ಯಾವುದಿದ್ದೀತು?

ಎರಡನೆಯದು ಪ್ರಕಟನೆ ಗ್ರಂಥದ್ದು. ಅಲ್ಲಿ ಹತರಾದವರ ಆತ್ಮಗಳು ಯಜ್ಞವೇದಿಯ ಕೆಳಗಿನಿಂದ, ನಮ್ಮ ರಕ್ತಕ್ಕೆ ನ್ಯಾಯ ಎಂದಿಗೆ ಎಂದು ಕೂಗುತ್ತವೆ. ಅವರನ್ನು ಸುಮ್ಮನಿರಿಸಲು ಪೀಡಕರ ತಲೆಗಳನ್ನು ತಂದು ತೋರಿಸುವುದಿಲ್ಲ. ಒಬ್ಬೊಬ್ಬರಿಗೂ ಒಂದೊಂದು ಬಿಳಿಯ ನಿಲುವಂಗಿಯನ್ನು ಕೊಟ್ಟು, ಇನ್ನೂ ಸ್ವಲ್ಪಕಾಲ ಕಾಯಿರೆಂದು ಹೇಳಲಾಗುತ್ತದೆ. ರೋಮನ್ನೇ ಬಾಬಿಲೋನೆಂದು ಕರೆದು ಅದರ ನಾಶವನ್ನು ಹಾಡುವ ಗ್ರಂಥವಿದು. ಬೆಂಕಿಯ ಕೆರೆಯೂ ಇದರಲ್ಲಿಯೇ ಇದೆ. ಆದರೂ ಮೊದಲ ಉತ್ತರ ಬೆಂಕಿಯಲ್ಲ, ಬಟ್ಟೆ. ಅಪರಾಧಿಗಳೆಂದು ಬೆತ್ತಲೆ ಮಾಡಿ ಕೊಂದವರಿಗೆ ಮಾನವನ್ನು ಹಿಂದಿರುಗಿಸುವುದು ನ್ಯಾಯದ ಮೊದಲ ಕೆಲಸ. ದೈವನ್ಯಾಯದ ಮುಖ ಮೊದಲು ಪೀಡಿತನ ಕಡೆಗೆ, ಆಮೇಲೆ ಪೀಡಕನ ಕಡೆಗೆ. ನಮ್ಮ ಕುತೂಹಲ ಮಾತ್ರ ಯಾವಾಗಲೂ ಪೀಡಕನ ಕಡೆಗೆ.

ಹೀಗೆಂದರೆ ದುಷ್ಟರಿಗೆ ಶಿಕ್ಷೆಯೇ ಬೇಡವೆಂದು ವಾದಿಸಿದಂತಾಗಲಿಲ್ಲವೆ ಎಂದು ಕೆಲವರು ಕೇಳಬಹುದು. ಇಲ್ಲ. ೧೯೯೯ರ ಜನವರಿಯಲ್ಲಿ ಒಡಿಶಾದ ಮನೋಹರಪುರದಲ್ಲಿ ಗ್ರಹಾಂ ಸ್ಟೇನ್ಸ್ ಅವರನ್ನೂ ಅವರ ಇಬ್ಬರು ಎಳೆಯ ಗಂಡುಮಕ್ಕಳನ್ನೂ ವಾಹನದಲ್ಲಿ ಮಲಗಿದ್ದಂತೆಯೇ ಸುಟ್ಟು ಕೊಂದರು. ಪತ್ನಿ ಗ್ಲಾಡಿಸ್ ಸ್ಟೇನ್ಸ್ ಕೊಂದವರನ್ನು ಕ್ಷಮಿಸಿದರು. ಕಾನೂನು ತನ್ನ ಕೆಲಸವನ್ನು ಮಾಡಬೇಕೆಂಬುದನ್ನೂ ಅವರು ಒಪ್ಪಿದ್ದರು. ಮುಖ್ಯ ಅಪರಾಧಿಯ ಜೀವಾವಧಿ ಶಿಕ್ಷೆಯನ್ನು ಸರ್ವೋಚ್ಚ ನ್ಯಾಯಾಲಯ ೨೦೧೧ರಲ್ಲಿ ಎತ್ತಿಹಿಡಿಯಿತು. ಕ್ಷಮೆ ನೊಂದವರ ಹಕ್ಕು. ಅವರ ಪರವಾಗಿ ಕ್ಷಮಿಸುವ ಅಧಿಕಾರ ನೋಡುತ್ತ ನಿಂತವರಿಗಿಲ್ಲ. ತಡೆಯುವುದು, ಸಾಕ್ಷಿ ಹೇಳುವುದು, ವಿಚಾರಿಸುವುದು ಸಮಾಜದ ಕರ್ತವ್ಯ; ಅದನ್ನು ದೇವರಿಗೆ ಒಪ್ಪಿಸಿ ಕೈಕಟ್ಟಿ ಕೂರುವುದು ಭಕ್ತಿಯಲ್ಲ. ಮತ್ತಾಯನ ಸುವಾರ್ತೆಯ ಅಂತಿಮ ನ್ಯಾಯತೀರ್ಪಿನ ವರ್ಣನೆಯಲ್ಲಿ ನಿತ್ಯಾಗ್ನಿಗೆ ಹೋಗುವವರು ಯಾರೆಂದು ನೋಡಿದರೆ ಈ ಮಾತು ಸ್ಪಷ್ಟವಾಗುತ್ತದೆ. ಅಲ್ಲಿ ಹೆಸರಿಸಿದ ಅಪರಾಧ ಕೊಲೆಯಲ್ಲ. ಹಸಿದವನಿಗೆ ಉಣ್ಣಲಿಡದೆ, ಸೆರೆಯಲ್ಲಿದ್ದವನನ್ನು ನೋಡಹೋಗದೆ ಸುಮ್ಮನಿದ್ದದ್ದು. ಪೀಡಕನಿಗೆ ಏನಾಯಿತೆಂದು ಕಾತರದಿಂದ ಪುಟ ತಿರುವಿಹಾಕುವ ಓದುಗ ಅಲ್ಲಿ ತನ್ನ ಹೆಸರನ್ನೇ ಕಂಡಾನು.

ಮುಂದಿನ ವಾರ ತರಗತಿಯಲ್ಲಿ ಆ ಹುಡುಗಿಗೆ ಇದನ್ನೆಲ್ಲ ನನಗೆ ತಿಳಿದಮಟ್ಟಿಗೆ ಹೇಳಿದೆ. ಅಂದು ನಕ್ಕದ್ದು ತಪ್ಪೆಂದೂ ಹೇಳಿದೆ. ಅವಳು ಗಮನವಿಟ್ಟು ಕೇಳಿ, ಕೊನೆಗೆ, “ಹಾಗಾದರೆ ನಾಬೋತನ ಪರವಾಗಿ ಆ ಊರಿನಲ್ಲಿ ಒಬ್ಬರೂ ಮಾತಾಡಲಿಲ್ಲವೇ ಸಾರ್?” ಎಂದಳು. ಗ್ರಂಥವನ್ನು ಮತ್ತೆ ತೆಗೆದು ನೋಡಿದೆ. ಊರಿನ ಹಿರಿಯರು ರಾಣಿಯ ಪತ್ರದಲ್ಲಿದ್ದಂತೆಯೇ ನಡೆದರೆಂದು ಇದೆ. ಬೇರೆ ಯಾರ ಮಾತೂ ಇಲ್ಲ. ನಮ್ಮ ತಂದೆಯವರ ಗದ್ದೆ ಹೋದ ದಿನ ಪಂಚಾಯತಿಯ ಕಟ್ಟೆಯಲ್ಲಿ ನಲವತ್ತು ಜನರಾದರೂ ಇದ್ದಿರಬೇಕು.